ಮಗಳು ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ್ದಾಳೆ. ತಟ್ಟಬೇಕಾ, ಬಿಡಬೇಕಾ?

ಬಾಗಿಲಾಚೆಯ ಅಮ್ಮ

ಮಗಳಿಗೆ 14. ಹೋದ ವರ್ಷದ ತನಕ ಶಾಲೆಯಿಂದ ಬಂದವಳು ಶೂ ಬಿಚ್ಚುವ ಮೊದಲೇ ಕಥೆ ಶುರು ಹಚ್ಚಿಕೊಳ್ಳುತ್ತಿದ್ದಳು. ಯಾರು ಯಾರ ಜೊತೆ ಟೂ ಬಿಟ್ಟರು, ಯಾವ ಟೀಚರ್ ಯಾರಿಗೆ ಬೈದರು, ಪಕ್ಕದ ಬೆಂಚಿನವಳು ಏನು ಅಂದಳು, ಒಂದೂ ಬಿಡುತ್ತಿರಲಿಲ್ಲ. "ಐದು ನಿಮಿಷ ಬಾಯಿ ಮುಚ್ಚೇ ಮಾರಾಯ್ತಿ" ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಈಗ ಅದು ನೆನಪಾದರೆ ಸಂಕಟ ಆಗುತ್ತದೆ.

ಈಗಿನ ಮಾತುಕತೆ ಇಷ್ಟೇ. "ಹೇಗಿತ್ತು ಇವತ್ತು?" "ಹ್ಞೂಂ." "ಏನಾದ್ರೂ ಆಯ್ತಾ?" "ಏನಿಲ್ಲ." ಆಮೇಲೆ ಕೋಣೆ, ಬಾಗಿಲು, ಚಿಲಕ.

ಮೊನ್ನೆ ಮುಂಗೂದಲನ್ನು ತಾನೇ ಕತ್ತರಿಸಿಕೊಂಡಳು. ಸ್ವಲ್ಪ ಗಿಡ್ಡ ಆಯಿತು, ಅಷ್ಟೇ. ಬೆಳಿಗ್ಗೆ ಶಾಲೆಗೆ ಹೋಗಲ್ಲ ಅಂತ ಹಟ. "ಯಾರೂ ನೋಡಲ್ಲ ಕಣೇ" ಅಂದೆ. "ನಿಂಗೆ ಏನೂ ಗೊತ್ತಾಗಲ್ಲ" ಅಂತ ಅತ್ತಳು. ಎರಡು ಇಂಚು ಕೂದಲಿಗೆ ಇಷ್ಟೊಂದಾ ಅಂತ ನನಗೆ ನಗು ಬಂತು. ನಕ್ಕೂ ಬಿಟ್ಟೆ. ಅದೇ ತಪ್ಪಾಯಿತು ಅನ್ನಿಸುತ್ತದೆ. ಅವತ್ತಿನಿಂದ ಚಿಲಕ ಬೀಳುವ ಸದ್ದು ಇನ್ನೂ ಜೋರಾಗಿದೆ.

ನಮ್ಮ ಮನೆಯವರು "ಫೋನ್ ತೆಗೆದು ನೋಡು, ಎಲ್ಲ ಗೊತ್ತಾಗುತ್ತೆ" ಅನ್ನುತ್ತಾರೆ. ಅವಳ ಪಾಸ್‌ವರ್ಡ್ ನನಗೆ ಗೊತ್ತು. ಕೈ ಹೋಗುತ್ತದೆ, ಮನಸ್ಸು ಬರುತ್ತಿಲ್ಲ. ಈ ವಯಸ್ಸು ದಾಟಿದ ಮಕ್ಕಳಿರುವವರು ಹೇಳಿ. ತಟ್ಟಬೇಕಾ, ಬಿಡಬೇಕಾ?

ಹಳೇ ಕಾಲದವ

ಕೋಪ ಮಾಡಿಕೊಳ್ಳಬೇಡಿ ತಾಯಿ. ನಮ್ಮ ಕಾಲದಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಿದ್ದೆವು. ಹಾಕಿಕೊಳ್ಳೋಕೆ ಬಾಗಿಲೇ ಇರಲಿಲ್ಲ, ಇನ್ನು ಚಿಲಕ ಎಲ್ಲಿಂದ? ಮನಶ್ಶಾಸ್ತ್ರವೂ ಇರಲಿಲ್ಲ. ಅಪ್ಪ ಒಂದು ಸಲ ಕಣ್ಣು ಬಿಟ್ಟರೆ ಎಲ್ಲ ಸರಿ ಹೋಗುತ್ತಿತ್ತು. ಬಡಗಿಯನ್ನು ಕರೆಸಿ ಚಿಲಕ ತೆಗೆಸಿ. ಫೋನ್ ನೀವು ಕೊಡಿಸಿದ್ದು, ನೋಡುವ ಹಕ್ಕು ನಿಮಗಿದೆ.

ನೀಲಿ ಪೆನ್ನು

ಚಿಲಕದ ವಿಷಯ ಆಮೇಲೆ ನೋಡೋಣ ಸರ್, ಮೊದಲು ಕೂದಲು.

ನಾನು 19 ವರ್ಷದಿಂದ ಎಂಟು, ಒಂಬತ್ತು, ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೇನೆ. ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ ಪದ್ಯ ಓದೋಕೆ ಅವನದೇ ಮೊದಲ ಕೈ. ಒಂಬತ್ತಕ್ಕೆ ಬಂದವನು ಓದು ಅಂದರೆ ಎದ್ದು ನಿಂತು ಪುಸ್ತಕ ನೋಡುತ್ತಾ ಸುಮ್ಮನಾಗಿಬಿಡುತ್ತಿದ್ದ. ಅಹಂಕಾರ ಬಂದಿದೆ ಅಂದುಕೊಂಡೆ. ಒಂದು ದಿನ ನಾನೂ ಹಟ ಹಿಡಿದು ಓದಿಸಿದೆ. ಎರಡು ಸಾಲು ಚೆನ್ನಾಗಿಯೇ ಹೋಯಿತು. ಮೂರನೇ ಸಾಲಿಗೆ ದನಿ ಒಡೆಯಿತು. ಒಂದು ಪದ ದಪ್ಪ, ಮುಂದಿನದು ಕೀರಲು. ಹಿಂದಿನ ಬೆಂಚಿನಲ್ಲಿ ಇಬ್ಬರು ಕಿಸಕ್ಕೆಂದರು. ಅವನ ಕಿವಿ ಕೆಂಪಾಗಿತ್ತು. ಸಾಲಿನ ಕೆಳಗೆ ಇಟ್ಟಿದ್ದ ಬೆರಳನ್ನು ಎಷ್ಟು ಒತ್ತಿ ಹಿಡಿದಿದ್ದ ಅಂದರೆ ಉಗುರು ಬೆಳ್ಳಗಾಗಿತ್ತು. ಆ ವರ್ಷ ಪೂರ್ತಿ ಅವನು ಕೈ ಎತ್ತಲಿಲ್ಲ. ತಪ್ಪು ನನ್ನದೇ. ದನಿ ಒಡೆಯುವ ವಯಸ್ಸು ಅಂತ ವಿಜ್ಞಾನದ ಪಾಠದಲ್ಲಿ ನಾನೇ ಹೇಳಿಕೊಟ್ಟಿದ್ದೆ, ಎದುರಿಗೆ ನಿಂತಾಗ ಹೊಳೆಯಲಿಲ್ಲ ನೋಡಿ.

ಡೇವಿಡ್ ಎಲ್ಕೈಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1967ರಲ್ಲಿ ಈ ವಯಸ್ಸಿನ ಎರಡು ಸ್ವಭಾವ ಗುರುತಿಸಿದರು. ಒಂದು, ಕಾಲ್ಪನಿಕ ಪ್ರೇಕ್ಷಕರು. ತಾನು ಸದಾ ವೇದಿಕೆ ಮೇಲಿದ್ದೇನೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನುವ ಭಾವನೆ. ಇನ್ನೊಂದು, ತನಗೆ ಆಗುತ್ತಿರುವುದು ಜಗತ್ತಿನಲ್ಲಿ ಬೇರೆ ಯಾರಿಗೂ ಆಗಿಲ್ಲ ಅನ್ನುವ ನಂಬಿಕೆ. ನಿಮ್ಮ ಮಗಳು ಕನ್ನಡಿ ಮುಂದೆ ಅತ್ತದ್ದು ಮೊದಲನೆಯದು. "ನಿಂಗೆ ಏನೂ ಗೊತ್ತಾಗಲ್ಲ" ಅಂದದ್ದು ಎರಡನೆಯದು. ಒಂದೇ ಬೆಳಿಗ್ಗೆ ಎರಡನ್ನೂ ತೋರಿಸಿದ್ದಾಳೆ!

ನಗಬೇಡಿ, ದೊಡ್ಡವರೂ ಇದರಿಂದ ಪೂರ್ತಿ ಪಾರಾಗಿರುವುದಿಲ್ಲ. ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗೆ ಮುಜುಗರ ಆಗುವಂಥ ಚಿತ್ರವಿದ್ದ ಟೀಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧಕ್ಕರ್ಧ ಜನ ನೋಡಿಬಿಟ್ಟರು ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ನಾಲ್ಕರಲ್ಲಿ ಒಬ್ಬರಷ್ಟೇ.

ಆದರೆ ಒಂದು ಮಾತು. ಈ ಪ್ರೇಕ್ಷಕರು ಪೂರ್ತಿ ಕಾಲ್ಪನಿಕ ಅಂತ ನಾನು ಒಪ್ಪುವುದಿಲ್ಲ. ನನ್ನ ಕ್ಲಾಸಿನ ಮಕ್ಕಳು ಒಬ್ಬರನ್ನೊಬ್ಬರು ನಿಜವಾಗಿಯೂ ನೋಡುತ್ತಾರೆ, ನಗುತ್ತಾರೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ. ಹಾಗಿರುವಾಗ "ಯಾರೂ ನೋಡಲ್ಲ" ಅಂದರೆ ಅಮ್ಮನಿಗೆ ನನ್ನ ಲೋಕವೇ ಗೊತ್ತಿಲ್ಲ ಅನ್ನಿಸುತ್ತದೆ ಅವರಿಗೆ. "ಹೌದು, ಗಿಡ್ಡ ಆಗಿದೆ. ಕ್ಲಿಪ್ ಹಾಕಿ ನೋಡೋಣವಾ?" ಅಂದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು.

ಇಬ್ಬರ ಅಪ್ಪ

ಫೋನ್ ನೋಡಿದವನು ನಾನು. ಅದರ ಕಥೆ ಕೇಳಿ.

ದೊಡ್ಡ ಮಗಳಿಗೆ ಆಗ 15. ಅವಳು ಸ್ನಾನಕ್ಕೆ ಹೋದಾಗ ತೆಗೆದೆ. ಹತ್ತು ನಿಮಿಷ ಓದಿದೆ. ಏನಿತ್ತು ಗೊತ್ತಾ? ಪರೀಕ್ಷೆ ಭಯ, ಒಬ್ಬ ಹುಡುಗನ ಶೂ ಬಗ್ಗೆ ಚರ್ಚೆ, ಆಮೇಲೆ ನನ್ನ ಗೊರಕೆ ಬಗ್ಗೆ ಒಂದು ದೊಡ್ಡ ತಮಾಷೆ. "ನಮ್ಮಪ್ಪ ರಾತ್ರಿ ಲಾರಿ ಓಡಿಸ್ತಾರೆ" ಅಂತ ಬರೆದಿದ್ದಳು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು, ಒಬ್ಬನೇ ನಕ್ಕೆ. ಅಪಾಯದ್ದು ಒಂದು ಅಕ್ಷರವೂ ಇರಲಿಲ್ಲ.

ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ, ಬಾಯಿ ತಪ್ಪಿ, "ಇವತ್ತು ಲಾರಿ ಬೇಗ ಶೆಡ್‌ಗೆ ಹೋಗುತ್ತೆ" ಅಂದುಬಿಟ್ಟೆ.

ಅವಳು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಕೂಗಾಡಲಿಲ್ಲ, ಅಳಲಿಲ್ಲ. ಊಟ ಮುಗಿಸಿ ಎದ್ದು ಹೋದಳು. ಮಾರನೇ ದಿನ ಪಾಸ್‌ವರ್ಡ್ ಬದಲು. ಇನ್ನೊಂದು ಖಾತೆಯನ್ನೂ ತೆರೆದಿದ್ದಳು ಅಂತ ವರ್ಷಗಳ ಮೇಲೆ ಅವಳೇ ಹೇಳಿದಳು. ನನಗೆ ಸಿಕ್ಕಿದ್ದು ಒಂದು ಗೊರಕೆ ಜೋಕು. ಕಳೆದುಕೊಂಡದ್ದು ಹೆಚ್ಚುಕಡಿಮೆ ಎರಡು ವರ್ಷದ ಮಾತು.

ಎರಡನೆಯವನ ಫೋನ್ ಮುಟ್ಟಿಲ್ಲ. ಅವನು ಎಲ್ಲ ಹೇಳುತ್ತಾನೆ ಅಂತೇನಲ್ಲ. ಆದರೆ ಆಗಾಗ ಬಂದು ಏನಾದರೂ ಒಂದು ಉದುರಿಸಿ ಹೋಗುತ್ತಾನೆ.

ಹಳೇ ಕಾಲದವ

ನಿಮ್ಮ ಮಗಳು ಒಳ್ಳೆಯವಳು, ಏನೂ ಸಿಗಲಿಲ್ಲ. ಸಿಕ್ಕಿದ್ದರೆ? ಆಗ ನೋಡಿದ್ದು ಸರಿ ಅಂತಿದ್ದಿರಿ ಅಲ್ವಾ? ಹೊರಗೆ ಎಂಥೆಂಥ ಜನ ಇದ್ದಾರೆ. ಮಕ್ಕಳ ಕೋಪಕ್ಕೆ ಹೆದರಿ ಅಪ್ಪ ಅಮ್ಮ ಕಣ್ಣು ಮುಚ್ಚಿಕೊಂಡರೆ ಹೇಗೆ?

ಕೇಳುವ ಕಿವಿ

ಈ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾನು ಹದಿಹರೆಯದವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ನನ್ನ ಕೋಣೆಗೆ ಬರುವ ಅರ್ಧ ಜಗಳ ಫೋನಿನದ್ದೇ.

ಮಕ್ಕಳ ಬಗ್ಗೆ ಜಾಸ್ತಿ ತಿಳಿದಿರುವ ತಂದೆತಾಯಿಯ ಮಕ್ಕಳು ತೊಂದರೆಗೆ ಸಿಕ್ಕುವುದು ಕಡಿಮೆ ಅನ್ನುವುದು ಬಹಳ ಹಿಂದಿನಿಂದ ಗೊತ್ತಿತ್ತು. ಹಾಗಾಗಿ ಕಾವಲು ಕಾಯಿರಿ, ವಿಚಾರಿಸುತ್ತಿರಿ ಅಂತ ಎಲ್ಲರೂ ಹೇಳುತ್ತಿದ್ದರು. ಸ್ವೀಡನ್ನಿನಲ್ಲಿ ಹಾಕಾನ್ ಸ್ಟಟೀನ್ ಮತ್ತು ಮಾರ್ಗರೆಟ್ ಕೆರ್ ಒಂದು ಸರಳ ಪ್ರಶ್ನೆ ಕೇಳಿದರು: ಈ ತಂದೆತಾಯಿಗೆ ಅಷ್ಟೆಲ್ಲ ಗೊತ್ತಾದದ್ದಾದರೂ ಹೇಗೆ? 14 ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೇಳಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಶ್ನೆ ಕೇಳಿದ್ದರಿಂದ, ನಿಯಮ ಹಾಕಿದ್ದರಿಂದ ತಿಳಿದದ್ದು ಕಡಿಮೆ. ಹೆಚ್ಚಿನದೆಲ್ಲ ಮಕ್ಕಳೇ ತಾವಾಗಿ ಬಂದು ಹೇಳಿದ್ದರಿಂದ ತಿಳಿದದ್ದು. ಹೇಳುವ ಮಗು ಇದ್ದ ಮನೆಯಲ್ಲಿ ಅಪ್ಪ ಅಮ್ಮನಿಗೆ ಗೊತ್ತಿತ್ತು, ಅಷ್ಟೇ.

ಹಾಗಂತ ನಿಯಮವೇ ಬೇಡ ಅಂತಲ್ಲ. ರಾತ್ರಿ ಫೋನ್ ಹಾಲ್‌ನಲ್ಲಿರಲಿ, ಗೊತ್ತಿಲ್ಲದವರಿಗೆ ಫೋಟೋ ಕಳಿಸುವುದು ಬೇಡ, ಯಾರಾದರೂ ಹೆದರಿಸಿದರೆ ಬಂದು ಹೇಳು, ನಿನಗೆ ಬೈಯಲ್ಲ. ಇವನ್ನು ಎದುರಿಗೇ ಹೇಳಿ. ಕದ್ದು ನೋಡುವುದು ಬೇರೆ ಜಾತಿಯ ಕೆಲಸ. ಮಗುವಿನ ಜೀವಕ್ಕೆ ಅಪಾಯ ಇದೆ ಅನ್ನುವ ಗಟ್ಟಿ ಅನುಮಾನ ಇದ್ದಾಗ ಮಾತ್ರ ಅದು. ಆಗಲೂ "ನೋಡಿದೆ, ಯಾಕೆಂದರೆ ಹೆದರಿದ್ದೆ" ಅಂತ ಆಮೇಲೆ ಒಪ್ಪಿಕೊಳ್ಳಲೇಬೇಕು. ಲಾರಿ ಶೆಡ್‌ಗೆ ಹೋಗುವ ರೀತಿ ಗೊತ್ತಾಗಬಾರದು.

ಅಮ್ಮನವರಿಗೆ ಇನ್ನೊಂದು. "ನನ್ನ ಮಾತು ಕಿವಿಗೇ ಹಾಕಿಕೊಳ್ಳಲ್ಲ" ಅಂತ ನನ್ನ ಹತ್ತಿರ ಬರುವ ಅಮ್ಮಂದಿರೆಲ್ಲ ಹೇಳುತ್ತಾರೆ. ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು 2022ರಲ್ಲಿ ಇದನ್ನೇ ಮಿದುಳಿನಲ್ಲಿ ನೋಡಿದರು. ಸ್ಕ್ಯಾನರ್‌ನಲ್ಲಿ ಮಲಗಿಸಿ ಅಮ್ಮನ ದನಿ, ಗುರುತಿಲ್ಲದ ಹೆಂಗಸಿನ ದನಿ ಎರಡನ್ನೂ ಕೇಳಿಸಿದರು. ಚಿಕ್ಕ ಮಕ್ಕಳಲ್ಲಿ ಖುಷಿಗೆ ಸಂಬಂಧಪಟ್ಟ ಭಾಗಗಳು ಅಮ್ಮನ ದನಿಗೆ ಜಾಸ್ತಿ ಸ್ಪಂದಿಸುತ್ತಿದ್ದವು. 13ರ ಆಸುಪಾಸಿನಲ್ಲಿ ಅದು ತಿರುಗಿ, ಹೊಸ ದನಿಯೇ ಜಾಸ್ತಿ ಸೆಳೆಯತೊಡಗಿತು. ಅಮ್ಮನ ದನಿ ಆಗಲೂ ಚೆನ್ನಾಗಿಯೇ ಗುರುತು ಸಿಗುತ್ತಿತ್ತು. ಹೊರಗಿನ ಲೋಕಕ್ಕೆ ಕಿವಿ ತೆರೆದುಕೊಳ್ಳುವ ವಯಸ್ಸು ಇದು. ಹಾಗೆ ತೆರೆಯದಿದ್ದರೆ ಮನುಷ್ಯರು ಮನೆ ಬಿಟ್ಟು ಹೊರಡುವುದಾದರೂ ಹೇಗೆ?

ನಿದ್ದೆಗೇಡಿಯ ತಂದೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ 16. ರಾತ್ರಿ ಹನ್ನೆರಡಾದರೂ ಕಣ್ಣು ಪಿಳಿಪಿಳಿ, ಬೆಳಿಗ್ಗೆ ಕೊಡ ನೀರು ಸುರಿದರೂ ಏಳುವುದಿಲ್ಲ. ಸೋಮಾರಿತನ ಅಲ್ವಾ ಇದು?

ಕೇಳುವ ಕಿವಿ

ಪೂರ್ತಿ ಅವನ ತಪ್ಪಲ್ಲ. ನಿದ್ದೆ ಬರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಹದಿಹರೆಯದವರ ಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಅಂತ ಹೇಳಿತು. ಆದರೆ ಕೈಯಲ್ಲಿ ಫೋನ್ ಇದ್ದರೆ ಹನ್ನೆರಡು ಒಂದಾಗುತ್ತದೆ, ಒಂದು ಎರಡಾಗುತ್ತದೆ. ಆ ಭಾಗ ಮಾತ್ರ ನಿಮ್ಮ ಕೈಯಲ್ಲಿದೆ. ಮತ್ತೆ, ಸಿಡುಕುವ ಮಗುವನ್ನು ನೋಡಿದಾಗಲೆಲ್ಲ ನಾನು ಮೊದಲು ಕೇಳುವುದು ನಿದ್ದೆ ಎಷ್ಟು ಅಂತಲೇ.

ಹದಿನೇಳು

ಇಲ್ಲಿ ದೊಡ್ಡವರೇ ಮಾತಾಡುತ್ತಿದ್ದೀರಿ. ನನಗೆ 17. ನಾನು ಬರೆಯಬಹುದಾ?

"ಯಾಕೆ ಹಾಗೆ ಮಾಡಿದೆ?" ಅಂತ ಕೇಳುತ್ತೀರಲ್ಲ, ಎಷ್ಟೋ ಸಲ ನಿಜವಾಗಿಯೂ ನಮಗೇ ಗೊತ್ತಿರುವುದಿಲ್ಲ. ಹೋದ ವರ್ಷ ಗೆಳೆಯರ ಜೊತೆ ಶಾಲೆ ಕಾಂಪೌಂಡ್ ಮೇಲಿಂದ ಹಾರಿ ಕಾಲು ಮುರಿದುಕೊಂಡೆ. ಅಪ್ಪ ಒಂದು ತಿಂಗಳು "ಯಾಕೆ" ಅಂತ ಕೇಳಿದರು. ಒಬ್ಬನೇ ಇದ್ದಿದ್ದರೆ ಖಂಡಿತ ಹಾರುತ್ತಿರಲಿಲ್ಲ. ಎತ್ತರ ಇದೆ ಅಂತ ಮೇಲೆ ನಿಂತಾಗಲೇ ಗೊತ್ತಿತ್ತು. ಕೆಳಗೆ ನಾಲ್ಕು ಜನ ನೋಡುತ್ತಿದ್ದರು. ಅಷ್ಟೇ ಕಾರಣ. ಅದನ್ನು ಅಪ್ಪನಿಗೆ ಹೇಗೆ ಹೇಳೋದು?

"ಏನಿಲ್ಲ" ಅನ್ನೋದಕ್ಕೂ ಅರ್ಥ ಇದೆ. ಕೆಲವು ಸಲ "ಈಗಲ್ಲ" ಅಂತ. ಕೆಲವು ಸಲ "ಹೇಳಿದರೆ ನೀನು ಅದನ್ನು ದೊಡ್ಡದು ಮಾಡುತ್ತೀಯ" ಅಂತ. ನಾನು ಒಮ್ಮೆ ಒಬ್ಬ ಹುಡುಗ ನನಗೆ ತಮಾಷೆ ಮಾಡಿದ ಅಂದೆ. ಅಮ್ಮ ಮಾರನೇ ದಿನವೇ ಶಾಲೆಗೆ ಬಂದುಬಿಟ್ಟರು. ಅದರ ಮೇಲೆ ಎರಡು ತಿಂಗಳು ನನಗೆ ಹೊಸ ಹೆಸರು. ನಾನು ಕೇಳಿದ್ದು ಪರಿಹಾರ ಅಲ್ಲ, "ಛೇ" ಅಂತ ಒಂದು ಮಾತು ಸಾಕಿತ್ತು.

ಇನ್ನೊಂದು ಟಿಪ್ ಕೊಡಲಾ? ಎದುರಿಗೆ ಕೂರಿಸಿಕೊಂಡು "ಬಾ, ಮಾತಾಡೋಣ" ಅನ್ನಬೇಡಿ. ಹಾಗಂದರೆ ಏನೋ ಕೇಸು ಅಂತಲೇ ಲೆಕ್ಕ. ಸ್ಕೂಟರ್ ಹಿಂದೆ ಕೂತಾಗ ಮಾತು ಸುಲಭ. ಮುಖ ಕಾಣಲ್ಲ.

ಕೇಳುವ ಕಿವಿ

ಹದಿನೇಳು, ನಿನ್ನ ಕಾಂಪೌಂಡಿನ ಕಥೆಯನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಮಾರ್ಗೋ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಯಾವಾಗ ಬೇಕಾದರೂ ಕೆಂಪು ದೀಪ ಬರಬಹುದು, ಮುಂದೆ ಹೋದಷ್ಟೂ ಅಂಕ ಜಾಸ್ತಿ. ಒಬ್ಬರೇ ಆಡುವಾಗ ಹದಿಹರೆಯದವರಿಗೂ ದೊಡ್ಡವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ಸ್ನೇಹಿತರು ನಿಂತ ಕೂಡಲೇ ಹುಡುಗರು ಬ್ರೇಕ್ ಒತ್ತುವುದನ್ನು ತಡ ಮಾಡತೊಡಗಿದರು. ದೊಡ್ಡವರು ಬದಲಾಗಲಿಲ್ಲ.

ಅಂದರೆ ಅಪಾಯ ಗೊತ್ತಿಲ್ಲ ಅಂತಲ್ಲ, ಬುದ್ಧಿ ಇಲ್ಲ ಅಂತಲೂ ಅಲ್ಲ. ಹಣೆಯ ಹಿಂದೆ, ತಡೆದು ಯೋಚಿಸುವ ಮಿದುಳಿನ ಭಾಗ ಇದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರ. ಖುಷಿ, ಹೊಗಳಿಕೆ, ಗೆಳೆಯರ ಮೆಚ್ಚುಗೆಗೆ ಚುರುಕಾಗುವ ಭಾಗಗಳು ಅದಕ್ಕಿಂತ ಮೊದಲೇ ಎಚ್ಚರವಾಗಿರುತ್ತವೆ. ಅಪ್ಪನ ಎದುರು ಕೂತು ಕಾಂಪೌಂಡಿನ ಎತ್ತರ ಲೆಕ್ಕ ಹಾಕುವ ಹುಡುಗನೂ, ನಾಲ್ಕು ಜನ ನೋಡುವಾಗ ಹಾರುವ ಹುಡುಗನೂ ಒಬ್ಬನೇ. ಅವನಿಗೆ ಉಪದೇಶಕ್ಕಿಂತ ತಪ್ಪಿಸಿಕೊಳ್ಳಲು ಒಂದು ನೆಪ ಮೇಲು. "ನಮ್ಮಪ್ಪ ಕೊಂದೇ ಹಾಕ್ತಾರೆ ಕಣೋ" ಅಂತ ಗೆಳೆಯರಿಗೆ ಹೇಳಲು ಅಪ್ಪ ಒಪ್ಪಿಗೆ ಕೊಟ್ಟಿರಬೇಕು.

ಸ್ಕೂಟರ್ ಟಿಪ್ ನಾನು ಕದಿಯುತ್ತೇನೆ.

ನೀಲಿ ಪೆನ್ನು

ನನಗೂ ಒಂದು ನೆನಪಾಯಿತು. ಮಕ್ಕಳ ನೋಟ್‌ಬುಕ್ ತಿದ್ದುವಾಗ ಕೊನೇ ಪುಟ ನೋಡುತ್ತೇನೆ. ಓದುವುದಿಲ್ಲ, ಸುಮ್ನೆ ಕಣ್ಣು ಹಾಯಿಸುತ್ತೇನೆ. ಎಂಟನೇ ಕ್ಲಾಸಿನ ಕೊನೆಗೆ ಅಲ್ಲಿ ಸಹಿಗಳು ಶುರುವಾಗುತ್ತವೆ. ಒಂದೇ ಹೆಸರು ಇಪ್ಪತ್ತು ಥರ. ಒಂದು ಬಾಗಿದ್ದು, ಒಂದು ಗೀರಿದ್ದು, ಒಂದಕ್ಕೆ ಬಾಲ. ಈ ವಯಸ್ಸಿನ ದೊಡ್ಡ ಕೆಲಸ "ನಾನು ಯಾರು" ಅಂತ ಹುಡುಕಿಕೊಳ್ಳುವುದು ಅಂತ ಎರಿಕ್ ಎರಿಕ್ಸನ್ 1950ರಲ್ಲೇ ಬರೆದರು. ಅದು ಪುಸ್ತಕದ ಮಾತು ಅನ್ನಿಸಿದರೆ ಆ ಕೊನೇ ಪುಟ ನೋಡಿ. ಹೋದ ತಿಂಗಳು ಒಂದು ಮಾತು, ಈ ತಿಂಗಳು ಇನ್ನೊಂದು, ನಿನ್ನೆ ಇಷ್ಟವಾದ ಬಟ್ಟೆ ಇವತ್ತು ಅಸಹ್ಯ. ಸಹಿ ಹಾಕಿ ನೋಡುತ್ತಿದ್ದಾರೆ ಅಷ್ಟೇ. ಮುಂಗೂದಲು ಕೂಡ ಅದೇ ಇರಬಹುದು.

ಇಬ್ಬರ ಅಪ್ಪ

ಒಂದು ಪ್ರಶ್ನೆ ಉಳಿಯಿತು. ವಯಸ್ಸಿನ ಸ್ವಭಾವ ಅಂತ ಸುಮ್ಮನಿದ್ದು, ಒಳಗೆ ನಿಜವಾಗಿ ಏನೋ ಕೊರೆಯುತ್ತಿದ್ದರೆ? ಗೊತ್ತಾಗುವುದು ಹೇಗೆ?

ಕೇಳುವ ಕಿವಿ

ಬಾಗಿಲು ಹಾಕಿಕೊಂಡವಳು ಒಳಗೆ ಗೆಳತಿಯ ಜೊತೆ ನಗುತ್ತಿದ್ದರೆ ನನಗೆ ಅಷ್ಟು ಚಿಂತೆ ಇಲ್ಲ. ಗೆಳತಿಯರನ್ನೂ ಬಿಟ್ಟರೆ, ಇಷ್ಟದ ಆಟ, ಹಾಡು, ಚಿತ್ರ ಯಾವುದೂ ಬೇಡವಾದರೆ, ಊಟ ನಿದ್ದೆ ಏರುಪೇರಾಗಿ ಎರಡು ವಾರ ಹಾಗೇ ಇದ್ದರೆ, ಅಂಕ ಏಕಾಏಕಿ ಕುಸಿದರೆ, ಸೆಖೆಯಲ್ಲೂ ತೋಳು ಮುಚ್ಚುವ ಬಟ್ಟೆಯೇ ಹಾಕಿದರೆ, "ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ" ಅನ್ನುವಂಥ ಮಾತು ಬಂದರೆ, ಕಾಯಬೇಡಿ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇದು ಅಪರೂಪದ ಸಂಗತಿಯಲ್ಲ, ನಾಚಿಕೆಯ ಸಂಗತಿ ಮೊದಲೇ ಅಲ್ಲ.

"ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಲು ಹೆದರುತ್ತಾರೆ, ಕೇಳಿದರೆ ತಲೆಗೆ ಹಾಕಿಕೊಟ್ಟ ಹಾಗೆ ಆಗುತ್ತದೆ ಅಂತ. ಆಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಮಕ್ಕಳು ಉಸಿರು ಬಿಟ್ಟದ್ದನ್ನು ನಾನು ಎದುರಿಗೇ ನೋಡಿದ್ದೇನೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಹಳೇ ಕಾಲದವ

ಒಂದು ಮಾತು. ಬಾಗಿಲು ಇರಲಿಲ್ಲ ಅಂದೆನಲ್ಲ. ಅಟ್ಟ ಇತ್ತು. ಏಣಿ ಮೇಲಕ್ಕೆ ಎಳೆದುಕೊಂಡು ಕೂತುಬಿಡುತ್ತಿದ್ದೆ. ಅಮ್ಮ ಕೆಳಗಿನಿಂದ ಕೂಗಿದರೂ ಓಗೊಡುತ್ತಿರಲಿಲ್ಲ. ಅಲ್ಲಿ ಏನು ಮಾಡುತ್ತಿದ್ದೆ ಅಂತ ನೆನಪೇ ಇಲ್ಲ. ಬಹುಶಃ ಏನೂ ಮಾಡುತ್ತಿರಲಿಲ್ಲ.

ಚಿಲಕ ತೆಗೆಸಿ ಅಂದದ್ದನ್ನು ವಾಪಸ್ ತಗೊಂಡೆ. ಫೋನ್ ವಿಷಯದಲ್ಲಿ ಮಾತ್ರ ನನ್ನದು ಅದೇ ಮಾತು.

ಬಾಗಿಲಾಚೆಯ ಅಮ್ಮ

ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ, ತಡವಾಯಿತು. ಮೂರು ವಾರ ಆಯಿತು.

ಫೋನ್ ನೋಡಲಿಲ್ಲ. "ಅವತ್ತು ನಕ್ಕದ್ದು ತಪ್ಪಾಯ್ತು ಕಣೇ" ಅಂತ ಬಾಗಿಲ ಹೊರಗೆ ನಿಂತು ಹೇಳಿದೆ. ಒಳಗಿನಿಂದ ಏನೂ ಬರಲಿಲ್ಲ. ಆಮೇಲೆ ವಾರ ಪೂರ್ತಿ ಶಾಲೆ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ನಾಲಿಗೆ ಕಚ್ಚಿಕೊಂಡು ಓಡಾಡಿದೆ, ನಿಜ ಹೇಳುತ್ತೇನೆ.

ಮೊನ್ನೆ ಕನ್ನಡಕ ಮಾಡಿಸಲು ಸ್ಕೂಟರ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಸಿಗ್ನಲ್ ಹತ್ತಿರ, ಹೆಲ್ಮೆಟ್ ಒಳಗಿಂದ, ಅರ್ಧ ಕೇಳಿಸುವ ಹಾಗೆ, "ಕೂದಲು ಕಟ್ ಮಾಡಿದ ದಿನ ನನ್ನ ಫೋಟೋ ಕ್ಲಾಸ್ ಗ್ರೂಪಿಗೆ ಹಾಕಿದ್ರು" ಅಂದಳು. ಅಂದರೆ ನೋಡಿದ್ದರು. ಯಾರೂ ನೋಡಲ್ಲ ಅಂತ ನಾನು ಹೇಳಿ ಕಳಿಸಿದ ದಿನವೇ ನೋಡಿದ್ದರು.

ಯಾರು, ಹೆಸರು ಹೇಳು, ನಾಳೆ ಬರ್ತೀನಿ ಶಾಲೆಗೆ ಅಂತ ಗಂಟಲ ತನಕ ಬಂತು. ಹದಿನೇಳರ ಮಾತು ನೆನಪಾಯಿತು. "ಛೇ" ಅಂದೆ. ಅಷ್ಟೇ ಅಂದೆ. ಸಿಗ್ನಲ್ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮುಂದುವರಿಸಿದಳು. ಯಾರು ಹಾಕಿದ್ದು, ಯಾರು ನಕ್ಕದ್ದು, ಯಾವ ಗೆಳತಿ ಜಗಳ ಆಡಿ ಅದನ್ನು ಅಳಿಸಿ ಹಾಕಿಸಿದ್ದು, ಎಲ್ಲ. ಮನೆ ಬಂದರೂ ಕಥೆ ಮುಗಿದಿರಲಿಲ್ಲ. ಇನ್ನೊಂದು ಸುತ್ತು ಹಾಕಿದೆ. ಪೆಟ್ರೋಲ್ ಹಾಕಿಸಬೇಕು ಅಂತ ಸುಳ್ಳು ಹೇಳಿದೆ.

ಮನೆಗೆ ಬಂದವಳು ಸೀದಾ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಹದಿನೇಳು

ಸೂಪರ್ ಆಂಟಿ. ಕೂದಲು ಎಲ್ಲಿಗೆ ಬಂತು ಈಗ?

ಬಾಗಿಲಾಚೆಯ ಅಮ್ಮ

ಹುಬ್ಬಿನ ತನಕ. ನಾನು ನೋಡಿದ್ದೇನೆ ಅಂತ ಅವಳಿಗೆ ಗೊತ್ತಾಗಬಾರದು.